ಬೆರಳಚ್ಚು

ಕೊಡಿಯಾಲಬೈಲು, ಎರಡನೇ ಮಹಡಿ, ಕೊನೆಯ ಹಾಲು.
ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಕೂತು
ಬೇರೆಯವರ 'ನಾನು' ಬರೆದವಳು ನಾನು.
ಇರಿದವನ ನಾನು, ಕಂಡವಳ ನಾನು,
ಕಂಡೇ ಇಲ್ಲವೆಂದು ಅತ್ತವನ ನಾನು.
ಎಲ್ಲಕ್ಕೂ ಅದೇ ಕೀಲಿ.

ಇವತ್ತು ಹದಿನಾಲ್ಕನೇ ಸಾಕ್ಷಿ.
ವಾಮನ ಕರ್ಕೇರ, ಎ.ಎಸ್.ಐ., ವಯಸ್ಸು ಐವತ್ತೆಂಟು.
ಕೇಸು ಶುರುವಾದಂದಿನಿಂದ ಮೂರು ಠಾಣೆಯ ನೀರು ಕುಡಿದು
ಈಗ ವಯರ್‌ಲೆಸ್ ಕೋಣೆಯಲ್ಲಿ
ಗೊರಗೊರ ಕೇಳುವ ಕೆಲಸ.
ಟೊಪ್ಪಿ ಕಂಕುಳಲ್ಲಿ. ಹಣೆಯಲ್ಲಿ ಟೊಪ್ಪಿಯ ಗೆರೆ.

ಮರಳಿನ ಲಾರಿ ತಡೆದಿದ್ದೆ ಎಂದರೆ ಸರಿ.
ರಾತ್ರಿ ಒಂದೂ ನಲವತ್ತಕ್ಕೆ ಎಂದರೆ ಸರಿ.
ಕೀಲಿಕೈ ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ ಎಂದರೆ ಸರಿ.
ಎರಡೂ ಐದಕ್ಕೆ ಅದನ್ನು ವಾಪಸು ಕೊಟ್ಟೆ
ಎಂದರೆ
ಸರಿ.

(ಈ ಕನ್ನಡವನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ.
ದಕ್ಕೆಯಲ್ಲಿ ನಿಂತು ಯಾರಾದರೂ
'ಬಂಗುಡೆ ಇವತ್ತಿನದು ಎಂದರೆ ಸರಿಯಲ್ಲ' ಅಂದರೆ
ಮೀನಿನವಳು ಕತ್ತಿ ಕೆಳಗಿಟ್ಟು ನಗುತ್ತಾಳೆ.)

ಅದೇ ಲಾರಿ, ನಾಲ್ಕೂವರೆಗೆ, ಜೆಪ್ಪಿನಮೊಗರಿನ ತಿರುವು.
ದಕ್ಕೆಗೆ ಹೊರಟ ಗುಲಾಬಿ.
ಬುಟ್ಟಿ ಮಾತ್ರ ಮೋರಿಯಾಚೆ ನೆಟ್ಟಗೆ ಕೂತಿತ್ತಂತೆ,
ಯಾರೋ ಇಳಿಸಿಟ್ಟ ಹಾಗೆ.
ಮಗಳು ಹಿಂದಿನ ಬೆಂಚಿನಲ್ಲಿ. ಎಲ್ಲ ತಾರೀಕಿಗೂ ಅದೇ ಜಾಗ.

'ನಡುವೆ ನಿಮಗೆ ಯಾವ ಫೋನೂ ಬಂದಿರಲಿಲ್ಲ, ಅಲ್ಲವೇ?'
ಆರೋಪಿ ಕಡೆಯ ವಕೀಲರು ಕಡತ ಮಡಚುತ್ತ ಕೇಳಿದರು,
ಊಟ ಆಯಿತಾ ಎಂದು ಕೇಳುವ ಹಾಗೆ.
'ಬಂದಿತ್ತು.'
ಮಡಚುವ ಕೈ ನಿಂತಿತು.
'ಯಾರದ್ದು?' ಎಂದರು ನ್ಯಾಯಾಧೀಶರು.

ಫ್ಯಾನು. ಪಕ್ಕದ ಜೈಲಿನ ಗಂಟೆ.
ಮೌನಕ್ಕೆ ನನ್ನ ಯಂತ್ರದಲ್ಲಿ ಕೀಲಿ ಇಲ್ಲ,
ಖಾಲಿ ಬಿಡುವ ಉದ್ದ ಪಟ್ಟಿ ಒಂದುಂಟು,
ಅದನ್ನೂ ಒತ್ತಲಿಲ್ಲ.

'ಠಾಣೆಯ ಡೈರಿಯಲ್ಲಿ ಬರೆದಿದ್ದೆ.
ಆ ಹಾಳೆ ಈಗ ಇಲ್ಲ.'

ಕೆಳಗೆ ಗೇಟಿನಲ್ಲಿ ಆಗಲೇ ಸುದ್ದಿ ಇಳಿದಿತ್ತು.
ಹೆಸರು ಹೇಳಿದನಂತೆ! ಯಾರದ್ದು?
ಇವರು ಅವರದ್ದು ಅಂದರು, ಅವರು ಇವರದ್ದು ಅಂದರು,
ಇಲ್ಲದ ಹಾಳೆಯಲ್ಲಿ ಊರಿಗೆ ಊರೇ ಬರೆಯಿತು.
ಒಬ್ಬ ಮಾಲೆ ತರಲು ಓಡಿದ,
ಇನ್ನೊಬ್ಬ ಮಾಲೆ ಹಾಕುವ ಪಟ ಹುಡುಕುವವನ ಹಾಗೆ ಬೈದ.
ಕ್ಯಾಂಟೀನಿನಲ್ಲಿ ಬನ್ಸ್ ಮುರಿಯುತ್ತ ಒಬ್ಬರು,
'ಎರಡು ವರ್ಷ ಎಂತ ಮಾಡ್ತಿದ್ದ ಮಾರಾಯ್ರೆ?
ಪೆನ್ಶನ್ ಹತ್ತಿರ ಬಂದಾಗ ಸತ್ಯ ನೆನಪಾಯಿತಾ?'

ಮೇಲೆ, ಹಾಳೆಗಳು ಬಿಸಿ ಇರುವಾಗಲೇ ಅವರ ಕೈಗೆ ಕೊಟ್ಟೆ.
ಎಲ್ಲರೂ ನೇರ ಕೊನೆಗೆ ಹೋಗಿ ಸಹಿ ಹಾಕುತ್ತಾರೆ.
ಇವರು ಕನ್ನಡಕ ಏರಿಸಿದರು.
ಸಾಲಿನ ಕೆಳಗೆ ಬೆರಳು ನಡೆಯಿತು, ನಡೆಯಿತು,
ನಾಲ್ಕನೇ ಪುಟದಲ್ಲಿ ನಿಂತಿತು.
'ನಾನು ಹೀಗೆ ಹೇಳಿಲ್ಲ ಸ್ವಾಮಿ.'

'ಫೋನ್ ಬಂದಿರಬಹುದು.'

ಅವರು ಬಂದಿತ್ತು ಅಂದಿದ್ದರು.
ನ್ಯಾಯಾಧೀಶರೂ ಬಂದಿತ್ತು ಎಂದೇ ಬರೆಸಿದ್ದರು.
ನನಗೆ ಯಾರೂ ಫೋನ್ ಮಾಡಿರಲಿಲ್ಲ.
ಕರೆದು ಚಾ ಕೊಟ್ಟಿರಲಿಲ್ಲ, ವರ್ಗದ ಮಾತು ಎತ್ತಿರಲಿಲ್ಲ.
ನನ್ನ ಬೆರಳುಗಳೇ, ತಮ್ಮಷ್ಟಕ್ಕೆ,
ಆ 'ಇರಬಹುದು' ತಂದು ನಡುವೆ ಕೂರಿಸಿದ್ದವು.
ಎಷ್ಟು ವರ್ಷದಿಂದ, ಯಾರ ಯಾರ ಮಾತಿನಲ್ಲಿ,
ಲೆಕ್ಕ ಇಟ್ಟಿಲ್ಲ.

ಪೆನ್ನಿನ ಗೆರೆ. ಬದಿಗೆ ಗಿಡ್ಡ ಸಹಿ.
'ಹಿಲ್ಡಾ ಬಾಯಿ, ನೋಡಿಕೊಂಡು ಹೊಡೆಯಿರಿ' ಎಂದರು ನ್ಯಾಯಾಧೀಶರು.
ಕರ್ಕೇರರು ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಒಳ್ಳೆಯದಿತ್ತು.

ಮಾಲೆಯವರಿಗೆ ಸಿಗದೆ, ಬೈಯುವವರಿಗೂ ಸಿಗದೆ
ಹಿಂದಿನ ಮೆಟ್ಟಿಲು ಇಳಿದು ಹದಿನೈದನೇ ನಂಬರಿನ ಬಸ್ಸು ಹತ್ತಿದರಂತೆ.

ನಾನು ಇಳಿಯುವಾಗ ಗುಲಾಬಿಯ ಮಗಳು ಅಲ್ಲೇ ನಿಂತಿದ್ದಳು.
'ಬಾಯಮ್ಮ, ಅವರು ಎಂತ ತಿದ್ದಿಸಿದ್ದು?'
ಅಷ್ಟು ಜನರಲ್ಲಿ ಅದನ್ನು ಕಂಡವಳು ಅವಳೊಬ್ಬಳೇ.
'ಒಂದು ಪದ.'
'ದೊಡ್ಡದು ಮಾಡಿದರಾ?'
'ಇಲ್ಲ. ಚಿಕ್ಕದು ಮಾಡಿದರು.'
ಅವಳು ಚೀಲ ಹೆಗಲು ಬದಲಿಸಿದಳು.
'ಕೀಲಿಕೈ ಕೊಟ್ಟದ್ದು ಹಾಗೆಯೇ ಉಂಟಲ್ಲ, ಅದರಲ್ಲಿ?'

ಉಂಟು, ಅಂದೆ.
ಅದು ಹಾಗೆಯೇ ಉಂಟು.