ನಾಕನೇ ಪದರ

ಮೂರು ಪದರಕ್ಕ ಏನೂ ಅನ್ನೂದಿಲ್ಲ
ನಮ್ಮತ್ತಿಯ ಈ ಮಷೀನು.
ನಾಕನೇದಕ್ಕ ಕೆಮ್ಮತೈತಿ.
ಬಂಗಾರದಕ್ಷರ ಅಳಿಸಿ, ಮೈಮ್ಯಾಲ
ಬರೇ ಒಂದು ಹಕ್ಕಿ ರೆಕ್ಕಿ ಉಳದೈತಿ.

ಇಳಕಲ್ ಸೆರಗು ದಾಟ್ತು,
ಕೂಸಿನ ಕುಂಚಿಗಿ ದಾಟ್ತು,
ವರ್ಕ್‌ಶಾಪಿನ ನೀಲಿ ಅಂಗಿ ಬಂದಾಗ
ಟಕ್ ಅಂತ ಸೂಜಿ ಮುರೀತು.
ಇಪ್ಪತ್ತು ಸಲ ಒಗದರೂ ಹೋಗದ ಗ್ರೀಸು
ಅವರ ಕಿಸೇದಾಗ
ಇನ್ನೂ ಡ್ಯೂಟಿ ಮ್ಯಾಲೈತಿ.

‘ಕೌದಿ ಕೈಲೇ ಹೊಲೀಬೇಕವಾ,
ಕಬ್ಬಿಣಕ್ಕೇನು ಗೊತ್ತು ಮೈ ಬಿಸಿ’
ಕಟ್ಟಿ ಮ್ಯಾಲಿಂದ ಹಜರತಬಿ.

ಪೆಡಲಿನ ಮ್ಯಾಲಿನ ಕಾಲು ತಗದ್ನಿ.
ಗಾಲಿ ಕೈಲೇ ತಿರುವಿದ್ನಿ,
ಒಂದು ಚುಚ್ಚು.
ತಡದು, ಇನ್ನೊಂದು.
ಎದ್ದು ಬಂದ್ಲು,
ಬಾಯಾಗಿನ ಎಲಿ ಉಗುಳದ
ಆ ಕಡೆ ಭಾರ ಎತ್ತಿ ಹಿಡದ್ಲು.

ಕಿಸೆ ಬಾಯಿ ಮಾತ್ರ ಹೊಲೀಲಿಲ್ಲ.
ಥಂಡ್ಯಾಗ
ಕೈ ಇಡಾಕ ಒಂದು ಜಾಗ ಬೇಕಲ್ಲ.