ಚೂರು ಎಡಕ್ಕೆ

ಹೊಸ ಗಾಡಿ. ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ಕಿತ್ತಿರಲಿಲ್ಲ.
ಸುಂಕದಕಟ್ಟೆ ದಾಟಿ ರಸ್ತೆ ಕೊಂಚ ಖಾಲಿಯಾದಾಗ
ಸ್ಟೇರಿಂಗಿನಿಂದ ಒಂದು ಗಳಿಗೆ ಕೈ ಸಡಿಲಿಸಿದೆ.
ಎಡಕ್ಕೆ ಸರಿಯಿತು,
ಮಗು ಸೆರಗು ಹಿಡಿದು
ಅಂಗಡಿ ಕಡೆ ಎಳೆದ ಹಾಗೆ.
ಜೋರಾಗೇನಲ್ಲ. ಗೊತ್ತಾಗುವಷ್ಟು.

ಇಪ್ಪತ್ತಾರು ವರ್ಷ ರವಿಕೆ ಹೊಲಿದ ದುಡ್ಡು ಅದು.
ಹುಕ್ಕಿಗಿಷ್ಟು, ಫಾಲಿಗಿಷ್ಟು,
ಮದುವೆಗಳ ಹಿಂದಿನ ರಾತ್ರಿಗಳಿಗೆ ಇನ್ನಷ್ಟು ಎಂದು
ಕೂಡಿಟ್ಟದ್ದು.
ಓರೆ ಎಂದರೇನೆಂದು ನನಗೆ ಗೊತ್ತಿಲ್ಲವೇ?
ಬಟ್ಟೆಯನ್ನು ಓರೆಗೆ ಕತ್ತರಿಸಿದರೆ ಎತ್ತ ಜಗ್ಗುತ್ತದೆ
ನನ್ನ ಬೆರಳನ್ನು ಕೇಳಿ, ಹೇಳುತ್ತದೆ.

ಶೋರೂಮಿನ ಹುಡುಗ, ಕೊರಳಲ್ಲಿ ಟೈ, ಕೈಯಲ್ಲಿ ಟ್ಯಾಬು,
"ರೋಡೇ ಹಾಗೆ ಮೇಡಂ, ನೀರು ಹರೀಲಿ ಅಂತ
ಎಡಕ್ಕೆ ಇಳಿಜಾರು ಕೊಟ್ಟಿರ್ತಾರೆ" ಎಂದ.
ಬೆಂಗಳೂರಲ್ಲಿ ನೀರು ಎತ್ತ ಹರಿಯುತ್ತೆ ಅಂತ
ಯಾರಿಗೆ ಗೊತ್ತಪ್ಪ ಎಂದೆ. ನಗಲಿಲ್ಲ.

ಮೊದಲನೆಯ ಅಲೈನ್‌ಮೆಂಟು ಪುಕ್ಕಟೆ.
ಎರಡನೆಯದಕ್ಕೆ ಬಿಲ್ಲು.
ಮೂರನೆಯ ಸಲ ಪಕ್ಕದಲ್ಲೇ ನಿಂತು ನೋಡಿದೆ:
ಚಕ್ರಗಳಿಗೆ ಕನ್ನಡಿ ಕಚ್ಚಿಸಿದರು, ಪರದೆಯ ಮೇಲೆ
ಕ್ಯಾಂಬರು, ಕ್ಯಾಸ್ಟರು, ಟೋ,
ಕೆಂಪು ಅಂಕಿಗಳು ಒಂದೊಂದೇ ಹಸಿರಾದವು.
ಪ್ರಿಂಟು ಕೊಟ್ಟರು. ಮಡಚಿ ಪರ್ಸಿನಲ್ಲಿಟ್ಟು
ಹೊರಗೆ ಬಂದರೆ
ಗೇಟಿನಲ್ಲೇ ಎಡಕ್ಕೆ.
ನಾಲ್ಕನೆಯ ಸಲ ಹುಡುಗ ನನ್ನನ್ನು ನೋಡಿದ,
ಗಾಡಿಯನ್ನಲ್ಲ.
"ನೀವು ಕೂರೋ ರೀತಿ ಏನಾದ್ರೂ..."

ಅಳತೆ ಸರಿಯಿದ್ದೂ ರವಿಕೆ ಕೂರದಿರುವುದುಂಟು.
ವನಜಾಕ್ಷಿ ಟೀಚರಿಗೆ ಎಡಭುಜ ಅರ್ಧ ಇಂಚು ಇಳಿದಿದೆ,
ಮೂವತ್ತು ವರ್ಷ ಬ್ಯಾಗು ಹೊತ್ತ ಭುಜ.
ಟೇಪಿಗೆ ಕಾಣುವುದಿಲ್ಲ. ಅವರಿಗೂ ಹೇಳಿಲ್ಲ.
ಒಳಗೊಂದು ತೆಳು ಪಟ್ಟಿ ಇಟ್ಟು ಹೊಲಿಯುತ್ತೇನೆ.
"ಮೈಗೆ ಕೂರೋದು ನಿನ್ನ ಹೊಲಿಗೆ ಒಂದೇ ಚೂಡಾಮಣಿ"
ಅನ್ನುತ್ತಾರೆ ಪ್ರತಿಸಲ.
ನಾನು ಕೂರುವ ರೀತಿಯಂತೆ!

ಕೊನೆಗೆ ಕೊಟ್ಟಿಗೆಪಾಳ್ಯದ ಟೈರ್ ಅಂಗಡಿ, ಝಬೀವುಲ್ಲಾ ಸಾಬರು.
ಪರದೆಯಿಲ್ಲ, ಕನ್ನಡಿಯಿಲ್ಲ, ಒಂದು ಜಾಕು,
ಕಿವಿಯ ಸಂದಿಯಲ್ಲಿ ನನ್ನ ಹಾಗೇ ಒಂದು ಸೀಮೆಸುಣ್ಣ.
ಹಸಿರು ಅಂಕಿಗಳ ಪ್ರಿಂಟನ್ನು ಓದದೆ
ಅದರ ಮೇಲೆ ಟೀ ಲೋಟ ಇಟ್ಟರು.
ಮುಂದಿನ ಟೈರು ಎರಡೂ ಬಿಚ್ಚಿ
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ
"ನೈಸ್ ರೋಡ್ ತನಕ ಹೋಗಿಬನ್ನಿ ಅಮ್ಮಾ" ಎಂದರು.

ಬಲಕ್ಕೆ ಎಳೆಯಿತು!
ಸಂತೋಷ ತಡೆಯದೆ ಹಾರ್ನ್ ಹೊಡೆದೆ,
ಪಕ್ಕದ ಲಾರಿಯವನು ಏನೋ ಬೈದ.

"ಗಾಡಿದು ತಪ್ಪೇನಿಲ್ಲ. ಈ ಟೈರು ಹುಟ್ಟಾ ಹೀಗೆ.
ಅಚ್ಚಲ್ಲೇ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ.
ನೋಡಿ"
ಎಂದು ಖಾಲಿ ಲೋಟವನ್ನು ಅಡ್ಡ ಮಲಗಿಸಿ
ಮೇಜಿನ ಮೇಲೆ ಉರುಳಿಸಿದರು.
ನೇರ ಹೋಗಲಿಲ್ಲ, ಸುತ್ತು ತಿರುಗಿತು.
ಅಂಚಿನಲ್ಲಿ ನಾನು ಹಿಡಿದೆ.

ಶೋರೂಮು: ಟೈರು ನಮ್ಮದಲ್ಲ, ಟೈರಿನವರನ್ನು ಕೇಳಿ.
ಟೈರಿನವರು: ಫೋಟೋ ಕಳಿಸಿ.
ಓರೆಯ ಫೋಟೋ ತೆಗೆಯುವುದು ಹೇಗೆ?
ದುಂಡಗಿತ್ತು, ಕಪ್ಪಗಿತ್ತು. ಕಳಿಸಿದೆ.

ಸಾಬರು ಅದನ್ನು ಹಿಂದಕ್ಕೆ ಹಾಕಿದರು.
"ಹಿಂದಿದ್ರೆ ಅದರ ಹಟ ನಿಮ್ಮ ಕೈಗೆ ತಾಕಲ್ಲ.
ಸವೆಯೋ ತನಕ ಇರಲಿ ಬಿಡಿ."
ತೆಗೆದುಕೊಂಡದ್ದು ಇನ್ನೂರು ರೂಪಾಯಿ.
ಟೀ ಲೆಕ್ಕಕ್ಕೆ ಸೇರಿಸಲಿಲ್ಲ.

ಈಗ ಮಾಗಡಿ ರಸ್ತೆಯಲ್ಲಿ ಗಾಡಿ ಎಳೆದು ಕಟ್ಟಿದ ದಾರ.
ಆದರೆ ಎಂಟು ತಿಂಗಳು ಬಲಕ್ಕೆ ತಿದ್ದಿ ತಿದ್ದಿ
ಮಣಿಕಟ್ಟು ಮರೆತಿಲ್ಲ.
ಈವತ್ತು ಬೆಳಿಗ್ಗೆ ಮೆಷೀನಿಗೆ ಕೂತು
ಉದ್ದದ ಅಂಚೊಂದನ್ನು ಹೊಲಿದು ಹರಡಿ ನೋಡಿದೆ:
ಕೊನೆ ಮುಟ್ಟುವಷ್ಟರಲ್ಲಿ
ಒಂದು ನೂಲು ಬಲಕ್ಕೆ.

ಬಿಚ್ಚಲೋ ಬಿಡಲೋ ಎಂದು
ಸೂಜಿ ಎತ್ತಿ ಹಿಡಿದು ಕೂತಿದ್ದೇನೆ.
ಹೊರಗೆ ವನಜಾಕ್ಷಿ ಟೀಚರು ಚಪ್ಪಲಿ ಬಿಡುತ್ತಿದ್ದಾರೆ.