ಇಪ್ಪತ್ತು ನಿಮಿಷ

ಗ್ರೆಗೋರೆಸ್, ಪಟಗೋನಿಯಾ

ಬೆಲೆ ಆಮೇಲೆ ಕೇಳು, ಎದೆಲ್ಮಿರಾ.
ಮೊದಲು ತಲೆ ಕೊಡು.
ಹುಬ್ಬಿನ ಮೇಲೆ ಟೇಪು ಸುತ್ತಿದರೆ ಐವತ್ತೇಳು.
ಇದು ಬರೀ ಸುತ್ತಳತೆ. ಆಕಾರದ ಮಾತು ಬೇರೆ.
ನಿನ್ನದು ಉದ್ದ ತಲೆ, ನಿಮ್ಮಪ್ಪನ ಹಾಗೆ.
ದುಂಡು ಹೆಲ್ಮೆಟ್ಟು ಹಣೆಯನ್ನೇ ಕಚ್ಚುತ್ತದೆ.

ಈ ಕೆಂಪನೆಯದು ಹಾಕಿ ನೋಡು. ಮುಂದೆ ಕೊಕ್ಕು ಇದೆಯಲ್ಲ,
ಪಡುವಣಕ್ಕೆ ಹೋಗುವಾಗ ಇಳಿಬಿಸಿಲಿಗೆ
ಯಾರೋ ಅಂಗೈ ಅಡ್ಡ ಹಿಡಿದಂತೆ.
ಮುಂದಿನ ಲಾರಿ ಎರಚುವ ಜಲ್ಲಿಗೂ ಅದೇ.
ಆದರೆ ಟಾರಿನ ಮೇಲೆ, ನೂರರ ವೇಗದಲ್ಲಿ,
ನಮ್ಮ ಗಾಳಿ (ನಿನಗೆ ನಾನು ಹೇಳಬೇಕೆ?)
ಅದೇ ಕೊಕ್ಕು ಹಿಡಿದು ಕತ್ತು ತಿರುಚುತ್ತದೆ,
ಭಾನುವಾರದ ಕೋಳಿಗೆ ತಿರುಚಿದ ಹಾಗೆ.
ಏನು ಮಾಡೋಣ. ನಿನ್ನ ದಾರಿ ಅರ್ಧ ಟಾರು, ಅರ್ಧ ಕಲ್ಲು,
ಬೆನ್ನ ಹಿಂದೆ ಕುರಿಗಳ ಲಸಿಕೆ ಪೆಟ್ಟಿಗೆ.
ಎರಡಕ್ಕೂ ಒಂದೇ ತಲೆ.

ಇರು, ಬಿಚ್ಚಬೇಡ. ಇಪ್ಪತ್ತು ನಿಮಿಷ ಹಾಗೇ ಕೂತಿರು.
ಮಾಟೆ ಸೊಪ್ಪಿಗೆ ಬಿಸಿನೀರು ಬಿಟ್ಟಿದ್ದೇನೆ.
ಗದ್ದದ ಸಂದಿಯಿಂದ ಕೊಳವೆ ತೂರಿಸಿ ಹೀರು,
ನನ್ನ ಗಿರಾಕಿಗಳೆಲ್ಲ ಹಾಗೇ ಕುಡಿಯುವುದು.
ನಗು, ಪರವಾಗಿಲ್ಲ. ನಕ್ಕಾಗ ಕೆನ್ನೆಯ ಒಳಗು
ಹಲ್ಲಿಗೆ ಸಿಕ್ಕರೆ ಅಳತೆ ಸರಿ.
ಹತ್ತು ನಿಮಿಷ ಸುಳ್ಳು ಹೇಳುವ ಹೆಲ್ಮೆಟ್ಟೂ
ಇಪ್ಪತ್ತಕ್ಕೆ ಬಾಯಿ ಬಿಡುತ್ತದೆ.

ಹಳೆಯದು ಇನ್ನೊಂದು ಚಳಿಗಾಲ ಬಾಳೀತು ಅಂತೀಯ.
ತಾ ಇಲ್ಲಿ.
ಹೊರಗೆ ಒಂದು ಗೀರು, ನಿಜ, ಉಗುರಲ್ಲಿ ಎಳೆದಷ್ಟು.
ಒಳಗಿನ ಬಟ್ಟೆ ಕಿತ್ತರೆ, ಬಿಳಿ ಬೆಂಡು ನೋಡು,
ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ ತಗ್ಗಿದೆ.
ಜೂನಿನ ಹಿಮದಲ್ಲಿ ಗ್ವಾನಾಕೊ ಮರಿ ಅಡ್ಡ ಬಂತು,
ಬಿದ್ದೆ, ಏನೂ ಆಗಲಿಲ್ಲ ಅಂದಿದ್ದೆಯಲ್ಲ?
ಆಗಬೇಕಾದ್ದು ಇಲ್ಲಿ ಆಗಿದೆ.

ಯಾಕೆ, ಮಾತು ನಿಂತಿತು?
ಕುಡಿ, ಆರುತ್ತದೆ.

ಪಟ್ಟಿಯ ಎರಡು ಉಂಗುರ ಕೈಗವಸು ತೊಟ್ಟೇ ಕಲಿ,
ಕತ್ತಲಲ್ಲಿ, ಬೆರಳು ಸೆಟೆದಾಗ ಕಲಿಯಲಾಗದು.
ಉಸಿರು ಗಾಜಿಗೆ ಮಂಜು ಕಟ್ಟಿದರೆ ಒಂದು ಬೆರಳಷ್ಟು ಎತ್ತು,
ಧೂಳು ಬಂದರೆ ಮುಚ್ಚು. ಆಮೇಲೆ ಈ ಕೊಕ್ಕು,
ಮೂರೂ ತಿರುಪು ನಾಣ್ಯಕ್ಕೇ ಬಿಚ್ಚುತ್ತವೆ.
ಟಾರು ಸಿಕ್ಕಾಗ ಕಳಚಿ ಚೀಲಕ್ಕೆ ಹಾಕು.
ಈ ಹಳೇ ಪೇಸೊ ಜೇಬಲ್ಲಿಟ್ಟುಕೋ,
ಈಗ ಇದಕ್ಕೆ ಬೇರೇನೂ ಬರುವುದಿಲ್ಲ.

ಹಾಂ? ಹಣೆ?
ಎಲ್ಲಿ, ಈ ನಡುವೆಯೆ? ಬಿಸಿ ಕಾಸಿನಂತೆ ಒತ್ತುತ್ತಿದೆಯೆ?
ಗಡಿಯಾರ ನೋಡು, ಹದಿನೆಂಟು.
ಬಿಚ್ಚು, ಬಿಚ್ಚು.
ಆ ಮೇಲಿನ ಬೂದಿಬಣ್ಣದ್ದು ಇಳಿಸು,
ನಾನು ಮತ್ತೆ ನೀರಿಡುತ್ತೇನೆ.